ದುಡ್ಡು ಕೊಟ್ಟ ಸಿನಿಮಾ ಟಿವಿಗೆ ಬಾರದಿದ್ದರೆ: ಮೂರು ಆನ್‌ಲೈನ್ ಅಂಗಡಿ, ಒಂದು ಪೆನ್‌ಡ್ರೈವ್

ಕನ್ನಡ ಸಿನಿಮಾ ನೋಡಲು ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಹಲವರು ಮಂಗಳೂರಿಗೆ ಹೋಗುತ್ತಾರೆ. ಹೋಗಲಾಗದವರಿಗೆ ಮನೆಯಲ್ಲೇ ಕೂತು ದುಡ್ಡು ಕೊಟ್ಟು ನೋಡಲು ಯೂಟ್ಯೂಬ್, ಪ್ರೈಮ್ ವಿಡಿಯೊ ಬಾಡಿಗೆ, ಆಪಲ್ ಟಿವಿ ಇವೆ. ಈ ಮೂರರಲ್ಲಿ ಯಾವುದನ್ನು ಆರಿಸಿದರೂ ಸಲಹೆ ಒಂದೇ: ಬಾಡಿಗೆಗೆ ತೆಗೆದುಕೊಳ್ಳಿ, ಖರೀದಿ ಬೇಡ. ಖರೀದಿ ಎಂದು ಬರೆದಿದ್ದರೂ ಸಿಗುವುದು ಫೈಲ್ ಅಲ್ಲ, ನೋಡುವ ಪರವಾನಗಿ ಮಾತ್ರ. ಆ ಪರವಾನಗಿ ಒಂದು ಖಾತೆಗೆ, ಒಂದು ಆ್ಯಪ್‌ಗೆ, ಒಂದು ದೇಶಕ್ಕೆ ಕಟ್ಟಿಹಾಕಿದ್ದು.

ಸಿನಿಮಾ ಮಾರುತ್ತಿದ್ದ ಗೂಗಲ್ ಪ್ಲೇ ಮೂವೀಸ್ 2024ರ ಜನವರಿ 17ಕ್ಕೆ ನಿಂತುಹೋಯಿತು. ಅಲ್ಲಿ ಕೊಂಡ ಸಿನಿಮಾ ಕಳೆದುಹೋಗಿಲ್ಲ. ಅದೇ ಗೂಗಲ್ ಖಾತೆಯಲ್ಲಿ ಯೂಟ್ಯೂಬ್ ತೆರೆದರೆ ‘ನಿಮ್ಮ ಸಿನಿಮಾಗಳು’ ವಿಭಾಗದಲ್ಲಿ ಸಿಗುತ್ತದೆ. ಆದರೆ ಟಿವಿಯ ಯೂಟ್ಯೂಬ್‌ನಲ್ಲಿ ಮಗನ ಖಾತೆ, ಕೊಂಡದ್ದು ಅಪ್ಪನ ಫೋನಿನ ಖಾತೆಯಿಂದ ಎಂದಾದರೆ ಅಲ್ಲಿ ಏನೂ ಕಾಣುವುದಿಲ್ಲ. ಸಿನಿಮಾ ಮಾಯವಾಯಿತು ಎನ್ನುವ ಮೊದಲು ಟಿವಿಯಲ್ಲಿ ಯಾರ ಖಾತೆ ಇದೆ ಎಂದು ನೋಡಬೇಕು.

ಮೂರರಲ್ಲಿ ಮೊದಲ ಸ್ಥಾನ ಯೂಟ್ಯೂಬ್‌ಗೆ. ಅದು ಬಹುತೇಕ ಎಲ್ಲ ಸ್ಮಾರ್ಟ್ ಟಿವಿಯಲ್ಲೂ ಮೊದಲೇ ಇರುತ್ತದೆ. ಪ್ರೈಮ್ ವಿಡಿಯೊದ ಬಾಡಿಗೆ ಅಂಗಡಿ ಭಾರತದಲ್ಲಿ 2022ರ ಏಪ್ರಿಲ್‌ನಲ್ಲಿ ಶುರುವಾಯಿತು. ಬಾಡಿಗೆಗೆ ಪ್ರೈಮ್ ಸದಸ್ಯತ್ವ ಬೇಕಿಲ್ಲ, ಸದಸ್ಯತ್ವ ಇದ್ದವರೂ ಬಾಡಿಗೆ ಬೇರೆಯಾಗಿ ಕೊಡಬೇಕು. ಆಪಲ್ ಟಿವಿಯ ಚಿತ್ರ, ಧ್ವನಿ ಚೆನ್ನಾಗಿವೆ, ಆದರೆ ಮನೆಯಲ್ಲಿ ಐಫೋನ್, ಐಪ್ಯಾಡ್ ಇಲ್ಲದವರಿಗೆ ಅದನ್ನು ಆರಿಸಿ ಎನ್ನಲಾರೆವು. 4ಕೆ ಎಂದು ತೆಗೆದುಕೊಂಡರೂ ಅದರಲ್ಲಿ ಡೌನ್‌ಲೋಡ್ ಆಗುವುದು 1080ಪಿ ವರೆಗೆ ಮಾತ್ರ.

ನಿಜವಾದ ತೊಂದರೆ ಅಂಗಡಿಯಲ್ಲಿಲ್ಲ, ನೋಡುವ ಸಾಧನದಲ್ಲಿದೆ. ಆಂಡ್ರಾಯ್ಡ್ ಫೋನ್, ಟಿವಿಗಳಲ್ಲಿ ಈ ಸಿನಿಮಾಗಳ ಬೀಗ ತೆಗೆಯುವುದು ವೈಡ್‌ವೈನ್ ಎಂಬ ವ್ಯವಸ್ಥೆ. ಅದರಲ್ಲಿ ಎಲ್1 ಎಂದರೆ ಬೀಗ ತೆಗೆಯುವ ಕೆಲಸವೆಲ್ಲ ಚಿಪ್ಪಿನ ಸುರಕ್ಷಿತ ಭಾಗದೊಳಗೇ ನಡೆಯುತ್ತದೆ. ಎಲ್3 ಎಂದರೆ ಬರೀ ಸಾಫ್ಟ್‌ವೇರ್‌ನಲ್ಲಿ. ಆಗ ಎಚ್‌ಡಿ ದರ ಕೊಟ್ಟರೂ ಚಿತ್ರ ಸಾಮಾನ್ಯವಾಗಿ 480ಪಿಗೆ ಇಳಿಯುತ್ತದೆ. ಇಂಟರ್ನೆಟ್ ನಿಧಾನ ಎಂದು ಕೇಬಲಿನವರನ್ನು ಬೈದು ಫಲವಿಲ್ಲ. ಪ್ಲೇ ಸ್ಟೋರಿನಿಂದ ‘ಡಿಆರ್‌ಎಂ ಇನ್ಫೋ’ ಆ್ಯಪ್ ಹಾಕಿ ‘ಸೆಕ್ಯುರಿಟಿ ಲೆವೆಲ್’ ಸಾಲು ನೋಡಿದರೆ ಗೊತ್ತಾಗುತ್ತದೆ. ಬೂಟ್‌ಲೋಡರ್ (ಫೋನನ್ನು ಶುರುಮಾಡುವ ತಂತ್ರಾಂಶ) ಬೀಗ ತೆರೆದ ಫೋನ್, ಮದರ್‌ಬೋರ್ಡ್ ಬದಲಿಸಿದ ಕೆಲವು ಫೋನ್ ಎಲ್3ಗೆ ಬಿದ್ದಿರುತ್ತವೆ. ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಬಾಕ್ಸ್‌ಗಳ ಕಥೆಯೂ ಬಹುಪಾಲು ಇದೇ. ಪೆಟ್ಟಿಗೆಯ ಮೇಲೆ ‘8ಕೆ’ ಎಂದು ಬರೆದಿರುತ್ತದೆ, ಒಳಗಿರುವುದು ಟಿವಿಗಾಗಿ ಪ್ರಮಾಣೀಕರಿಸದ, ಫೋನಿನ ಆಂಡ್ರಾಯ್ಡ್. ಅಂಗಡಿಯಲ್ಲೇ ಪ್ಲೇ ಸ್ಟೋರ್ ತೆರೆದು, ಸೆಟ್ಟಿಂಗ್ಸ್‌ನ ‘ಅಬೌಟ್’ನಲ್ಲಿ ಸಾಧನ ‘ಸರ್ಟಿಫೈಡ್’ ಎಂದು ತೋರಿಸುತ್ತದೆಯೇ ನೋಡಿ. ತೋರಿಸದಿದ್ದರೆ ಅದು ಎಷ್ಟೇ ಕಡಿಮೆಗೆ ಸಿಕ್ಕಿದರೂ ದುಬಾರಿಯೇ.

ಎರಡನೆಯ ಅಡ್ಡಿ ಎಚ್‌ಡಿಎಂಐ ತಂತಿಯಲ್ಲಿ. ಕಳಿಸುವ ಪೆಟ್ಟಿಗೆ, ನಡುವಿನ ಸ್ಪ್ಲಿಟರ್, ತೋರಿಸುವ ತೆರೆ, ಎಲ್ಲವೂ ಎಚ್‌ಡಿಸಿಪಿ ಎಂಬ ನಕಲು ತಡೆಯ ಗುರುತು ಪರಸ್ಪರ ಒಪ್ಪಿಕೊಳ್ಳಬೇಕು. 4ಕೆಗೆ ಎಚ್‌ಡಿಸಿಪಿ 2.2 ಬೇಕು, ಸಾಲಿನಲ್ಲಿ ಒಂದು ಹಳೆಯದಿದ್ದರೂ ಚಿತ್ರ 1080ಪಿಗೆ ಇಳಿಯುತ್ತದೆ ಅಥವಾ ತೆರೆ ಕಪ್ಪಾಗುತ್ತದೆ. ಕೆಲವು ಟಿವಿಗಳಲ್ಲಿ ಎಲ್ಲ ಎಚ್‌ಡಿಎಂಐ ಕಿಂಡಿಗಳೂ ಸಮಾನವಲ್ಲ, ಹಾಗಾಗಿ ಮೊದಲು ಕಿಂಡಿ ಬದಲಿಸಿ ನೋಡಿ. ಹಳೆಯ ಪ್ರೊಜೆಕ್ಟರಿಗೆ ಎಚ್‌ಡಿಎಂಐಯಿಂದ ವಿಜಿಎಗೆ ಕನ್ವರ್ಟರ್ ಹಾಕುವವರಿದ್ದಾರೆ. ವಿಜಿಎಯಲ್ಲಿ ಎಚ್‌ಡಿಸಿಪಿಯೇ ಇಲ್ಲ, ಹಾಗಾಗಿ ಡೆಸ್ಕ್‌ಟಾಪ್ ಕಾಣುತ್ತದೆ, ಬಾಡಿಗೆ ಸಿನಿಮಾ ಮಾತ್ರ ಕಾಣುವುದಿಲ್ಲ. ಅಲ್ಲದೆ ಈ ಬಾಡಿಗೆ ಮನೆಯವರು ನೋಡಲಷ್ಟೇ. ಸಂಘದ ಸಭಾಂಗಣದಲ್ಲಿ ಊರವರಿಗೆ ತೋರಿಸಲು ಬೇರೆ ಅನುಮತಿ ಬೇಕು.

ಫೋನಿನಿಂದ ಟಿವಿಗೆ ಕಳಿಸುವವರು ಸ್ಕ್ರೀನ್ ಮಿರರಿಂಗ್ ಬಿಟ್ಟು ಕಾಸ್ಟ್ ಗುರುತು ಒತ್ತಬೇಕು. ಮಿರರಿಂಗ್‌ನಲ್ಲಿ ಫೋನಿನ ತೆರೆಯೇ ಹೋಗುತ್ತದೆ, ಬೀಗ ಹಾಕಿದ ಸಿನಿಮಾ ಕಪ್ಪು ಚೌಕವಾಗಿ ಬರುತ್ತದೆ, ಶಬ್ದ ಮಾತ್ರ ಕೇಳುತ್ತದೆ. ಕಾಸ್ಟ್‌ನಲ್ಲಿ ಟಿವಿಯೇ ನೇರವಾಗಿ ಇಂಟರ್ನೆಟ್ಟಿನಿಂದ ಸಿನಿಮಾ ಎಳೆದುಕೊಳ್ಳುತ್ತದೆ, ಫೋನ್ ರಿಮೋಟ್ ಆಗುತ್ತದೆ. ಎರಡೂ ಒಂದೇ ವೈಫೈಯಲ್ಲಿರಬೇಕು. ರೂಟರಿನ ‘ಗೆಸ್ಟ್’ ವೈಫೈಗೆ ಸೇರಿದ ಫೋನಿಗೆ ಸಾಮಾನ್ಯವಾಗಿ ಟಿವಿ ಕಾಣುವುದೇ ಇಲ್ಲ. ಟೈಪ್-ಸಿಯಿಂದ ಎಚ್‌ಡಿಎಂಐ ಕೇಬಲ್ ಕೊಳ್ಳುವ ಮೊದಲು ಫೋನಿನ ವಿವರಪಟ್ಟಿಯಲ್ಲಿ ‘ಡಿಸ್‌ಪ್ಲೇಪೋರ್ಟ್’ ಇದೆಯೇ ನೋಡಿ. ಮಧ್ಯಮ ಬೆಲೆಯ ಬಹಳಷ್ಟು ಫೋನ್‌ಗಳ ಟೈಪ್-ಸಿ ಬರೀ ಯುಎಸ್‌ಬಿ 2.0, ಅದರಿಂದ ಚಿತ್ರ ಹೊರಗೆ ಬರುವುದೇ ಇಲ್ಲ, ಕೇಬಲ್ ಎಷ್ಟು ಒಳ್ಳೆಯದಾದರೂ.

ಮಳೆಗಾಲಕ್ಕೆ ಪ್ರತ್ಯೇಕ ಎಚ್ಚರಿಕೆ ಬೇಕು. ಬಾಡಿಗೆ ಸಿನಿಮಾ ಶುರುಮಾಡಲು ಸಾಮಾನ್ಯವಾಗಿ 30 ದಿನ, ಒಮ್ಮೆ ಪ್ಲೇ ಒತ್ತಿದ ಮೇಲೆ ಮುಗಿಸಲು 48 ಗಂಟೆ. ಮರ ಬಿದ್ದು ಕರೆಂಟು ಹೋದರೂ, ಫೈಬರ್ ತುಂಡಾದರೂ ಆ ಗಡಿಯಾರ ನಿಲ್ಲುವುದಿಲ್ಲ. ಗುಡುಗು ಶುರುವಾಗಿದ್ದರೆ ಪ್ಲೇ ಒತ್ತದೆ ಮರುದಿನಕ್ಕೆ ಬಿಡುವುದೇ ಲೇಸು, ಅಥವಾ ಕರೆಂಟಿರುವಾಗಲೇ ಫೋನಿಗೆ ಡೌನ್‌ಲೋಡ್ ಮಾಡಿಡಿ. ಯೂಟ್ಯೂಬ್‌ನ ಬಾಡಿಗೆ ಸಿನಿಮಾ ಫೋನ್, ಟ್ಯಾಬ್ಲೆಟ್‌ಗಳಲ್ಲಿ ಮಾತ್ರ ಡೌನ್‌ಲೋಡ್ ಆಗುತ್ತದೆ, ಲ್ಯಾಪ್‌ಟಾಪಿನಲ್ಲಿ ಇಲ್ಲ. ಇನ್ನೊಂದು ಸಂಗತಿ ಬಹಳ ಮಂದಿಗೆ ಹೊಳೆಯುವುದಿಲ್ಲ: ಕರೆಂಟು ಹೋಗಿ ಬಂದ ಮೇಲೆ ಕೆಲವು ಟಿವಿ, ಬಾಕ್ಸ್‌ಗಳ ದಿನಾಂಕ ಹಿಂದಕ್ಕೆ ಹೋಗಿರುತ್ತದೆ. ದಿನಾಂಕ ತಪ್ಪಾಗಿದ್ದರೆ ಸರ್ವರಿನ ಪ್ರಮಾಣಪತ್ರ ಹೊಂದುವುದಿಲ್ಲ, ಆ್ಯಪ್ ‘ಸಂಪರ್ಕವಿಲ್ಲ’ ಎನ್ನುತ್ತದೆ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯವನ್ನು ‘ನೆಟ್‌ವರ್ಕ್’ಗೆ ಇಟ್ಟು ಟಿವಿಯನ್ನು ಮತ್ತೆ ಶುರುಮಾಡಿ. ಆ್ಯಪ್ ಅಳಿಸಿ ಮತ್ತೆ ಹಾಕುವ ಮೊದಲು ಇದನ್ನು ಮಾಡಬೇಕು.

ಡೇಟಾದ ಲೆಕ್ಕ ಸರಳ. 1080ಪಿ ಚಿತ್ರಕ್ಕೆ ಸೆಕೆಂಡಿಗೆ 5 ಮೆಗಾಬಿಟ್ ಎಂದಿಟ್ಟುಕೊಂಡರೆ ಎರಡೂವರೆ ಗಂಟೆಯ ಸಿನಿಮಾಕ್ಕೆ ಸುಮಾರು 5.6 ಜಿಬಿ ಬೇಕು. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಮಧ್ಯಂತರದವರೆಗೂ ಹೋಗುವುದಿಲ್ಲ. ಬಿಎಸ್‌ಎನ್‌ಎಲ್ ಫೈಬರ್ ಅಥವಾ ಕೇರಳ ಸರಕಾರದ ಕೆಫೋನ್ ಇಂಟರ್ನೆಟ್ ಇದ್ದವರು ಈ ಚಿಂತೆ ಬಿಡಬಹುದು.

ಗಲ್ಫಿನಲ್ಲಿ ದುಡಿದು ಬಂದವರ ಮನೆಗಳಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿ ತೆರೆದ ಗೂಗಲ್ ಖಾತೆಯ ದೇಶವನ್ನು ವರ್ಷಕ್ಕೊಮ್ಮೆ ಮಾತ್ರ ಬದಲಿಸಬಹುದು, ಅದಕ್ಕೂ ಹೊಸ ದೇಶದ ಪಾವತಿ ವಿಧಾನ ಬೇಕು. ಆಪಲ್ ಖಾತೆಯಲ್ಲಿ ಉಳಿದ ಹಣ ಖರ್ಚು ಮಾಡದೆ ದೇಶ ಬದಲಿಸಲು ಬಿಡುವುದಿಲ್ಲ. ಆ ದೇಶದಲ್ಲಿ ಕೊಂಡ ಸಿನಿಮಾ ಇಲ್ಲಿನ ಅಂಗಡಿಯಲ್ಲಿ ಇಲ್ಲದಿದ್ದರೆ ಮತ್ತೆ ಇಳಿಸಿಕೊಳ್ಳುವ ದಾರಿ ಮುಚ್ಚಿಹೋಗಬಹುದು, ಹಾಗಾಗಿ ಖಾತೆ ಬದಲಿಸುವ ಮೊದಲೇ ಇಳಿಸಿಟ್ಟುಕೊಳ್ಳಿ. ತಂದ ಡಿಸ್ಕ್‌ಗಳಿಗೂ ಗಡಿ ಇದೆ. ಗಲ್ಫಿನ ಡಿವಿಡಿ ವಲಯ 2, ಭಾರತದ್ದು 5. ಬ್ಲೂ-ರೇಯಲ್ಲಿ ಅಲ್ಲಿಯದು ಬಿ, ಇಲ್ಲಿಯದು ಸಿ. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ವಲಯವನ್ನು ಐದು ಸಲ ಬದಲಿಸಬಹುದು, ಐದನೆಯದು ಶಾಶ್ವತ. ಡಿಸ್ಕಿನ ಜೊತೆಗೆ ಬರುತ್ತಿದ್ದ ‘ಡಿಜಿಟಲ್ ಕಾಪಿ’ ಚೀಟಿಯನ್ನು ನಂಬಿ ಹೆಚ್ಚು ಹಣ ಕೊಡಬೇಡಿ. ಆ ಸಂಕೇತಗಳಿಗೆ ದೇಶ, ಕೊನೆಯ ದಿನಾಂಕ ಎರಡೂ ಇರುತ್ತವೆ. ಅಂಥ ಸಂಕೇತಗಳನ್ನು ಸ್ವೀಕರಿಸುತ್ತಿದ್ದ ಅಲ್ಟ್ರಾವಯೊಲೆಟ್ 2019ರ ಜುಲೈ 31ಕ್ಕೆ ಮುಚ್ಚಿತು, ಮೂವೀಸ್ ಎನಿವೇರ್ ಅಮೆರಿಕಕ್ಕೆ ಮಾತ್ರ.

ಇಷ್ಟೆಲ್ಲ ಬೀಗಗಳ ನಡುವೆ ಪೆನ್‌ಡ್ರೈವ್ ಈಗಲೂ ನಂಬಿಕಸ್ತ, ನಮ್ಮದೇ ವಿಡಿಯೊಗಳಿಗೆ. ಮದುವೆ, ತಾಳಮದ್ದಳೆ, ರಾತ್ರಿಯಿಡೀ ನಡೆದ ಯಕ್ಷಗಾನ ಆಟದ ಚಿತ್ರೀಕರಣ, ಇವುಗಳಿಗೆ ಯಾವ ಪರವಾನಗಿಯ ಹಂಗೂ ಇಲ್ಲ. ಇಲ್ಲಿ ಎಡವುವುದು ಫೈಲಿನ ಅಳತೆ ಮತ್ತು ಒಳಗಿನ ಕೋಡೆಕ್‌ನಲ್ಲಿ, ಅಂದರೆ ಚಿತ್ರ, ಧ್ವನಿಯನ್ನು ಕುಗ್ಗಿಸಿಟ್ಟ ಬಗೆಯಲ್ಲಿ. ಎಫ್‌ಎಟಿ32 ಮಾದರಿಯ ಪೆನ್‌ಡ್ರೈವಿನಲ್ಲಿ 4 ಜಿಬಿ ಮೀರಿದ ಫೈಲ್ ಹಿಡಿಯುವುದಿಲ್ಲ. ಆರು ಗಂಟೆಯ ಆಟ, ಸೆಕೆಂಡಿಗೆ 8 ಮೆಗಾಬಿಟ್‌ನಂತೆ, 21.6 ಜಿಬಿ ಆಗುತ್ತದೆ. ಟಿವಿಯ ಕೈಪಿಡಿಯಲ್ಲಿ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಯಾವುದಿದೆ ಎಂದು ನೋಡಿ ಅದಕ್ಕೆ ಫಾರ್ಮ್ಯಾಟ್ ಮಾಡಿ. ಟಿವಿಯ ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್. ಹಾರ್ಡ್‌ಡಿಸ್ಕ್ ಟಕ್ ಟಕ್ ಎಂದು ಸಂಪರ್ಕ ಕಡಿದುಹೋದರೆ ವಿದ್ಯುತ್ ಸಾಲದೆ ಇರುವುದು ಕಾರಣವಿರಬಹುದು.

ಚಿತ್ರ ಬಂದು ಶಬ್ದ ಬಾರದಿದ್ದರೆ ಫೈಲಿನಲ್ಲಿ ಹೆಚ್ಚಾಗಿ ಡಿಟಿಎಸ್ ಎಂಬ ಬಗೆಯ ಧ್ವನಿ ಇರುತ್ತದೆ. ಸ್ಯಾಮ್‌ಸಂಗ್ ಟಿವಿಗಳು 2018ರ ಮಾದರಿಗಳಿಂದ ಅದನ್ನು ಬಿಟ್ಟಿವೆ. ಇಡೀ ವಿಡಿಯೊವನ್ನು ಮತ್ತೆ ಪರಿವರ್ತಿಸುವುದು ಬೇಡ: ಕಂಪ್ಯೂಟರಿನ ಎವಿಡೆಮಕ್ಸ್ ತಂತ್ರಾಂಶದಲ್ಲಿ ವಿಡಿಯೊ ‘ಕಾಪಿ’, ಆಡಿಯೊ ‘ಎಎಸಿ’, ಮಕ್ಸರ್ ‘ಎಂಪಿ4’ ಎಂದಿಟ್ಟು ಉಳಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಚಿತ್ರವೇ ಬಾರದಿದ್ದರೆ ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದ ‘ಫಾಸ್ಟ್ 1080ಪಿ30’ ಸಾಕು, ಅದು ಎಚ್.264, ಎಎಸಿ, ಎಂಪಿ4 ಕೊಡುತ್ತದೆ, ಇದು ಓಡದ ಟಿವಿ ಅಪರೂಪ. ಹಳೆಯ ಕ್ಯಾಸೆಟ್‌ನಿಂದ ಇಳಿಸಿದ ಆಟಗಳಿಗೆ ಮಾತ್ರ ಇನ್ನಷ್ಟು ಕಾಳಜಿ ಬೇಕು. ಅವು 576 ಸಾಲಿನ ಇಂಟರ್‌ಲೇಸ್ ವಿಡಿಯೊ, ಅಂದರೆ ಪ್ರತಿ ಚಿತ್ರದ ಸಾಲುಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಸಲಕ್ಕೆ ಹಿಡಿದದ್ದು. ವೇಷಧಾರಿ ಧೀಂಗಿಣ ಹಾಕಿ ಗಿರಗಿರ ಸುತ್ತುವಾಗ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಸೀಳುತ್ತವೆ. ಹ್ಯಾಂಡ್‌ಬ್ರೇಕ್‌ನಲ್ಲಿ ಡಿಇಂಟರ್‌ಲೇಸ್ ‘ಯಾಡಿಫ್’, ಅದರೊಳಗೆ ‘ಬಾಬ್’ ಆರಿಸಿ ಫ್ರೇಮ್‌ರೇಟ್ 50ಕ್ಕೆ ಇಡಿ. 25ಕ್ಕೆ ಬಿಟ್ಟರೆ ಅರ್ಧ ಚಲನೆ ಕಳೆದುಹೋಗುತ್ತದೆ, ಹೆಜ್ಜೆ ತಡವರಿಸಿದಂತೆ ಕಾಣುತ್ತದೆ. ಕಲಾವಿದರ ಹೆಜ್ಜೆಗೆ ಆ ಅನ್ಯಾಯ ಆಗಬಾರದು.

ಕನ್ನಡ ಸಬ್‌ಟೈಟಲ್ ಹಾಕುವವರು ಎಸ್‌ಆರ್‌ಟಿ ಫೈಲಿಗೆ ವಿಡಿಯೊದ ಹೆಸರನ್ನೇ ಕೊಟ್ಟು ಯುಟಿಎಫ್-8ನಲ್ಲಿ ಉಳಿಸಬೇಕು. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸದಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಯೂನಿಕೋಡ್ ಆಗಿಯೂ ಒತ್ತಕ್ಷರ ಒಡೆದರೆ, ಚೌಕಗಳು ಬಂದರೆ ತಪ್ಪು ಟಿವಿಯ ಪ್ಲೇಯರಿನದ್ದು. ಆಂಡ್ರಾಯ್ಡ್ ಟಿವಿಯಾದರೆ ವಿಎಲ್‌ಸಿ ಎಂಬ ಪ್ಲೇಯರ್ ಹಾಕಿ ಅದರಲ್ಲೇ ತೆರೆದು ನೋಡಿ. ಸ್ಯಾಮ್‌ಸಂಗ್‌ನ ಟೈಜನ್, ಎಲ್‌ಜಿಯ ವೆಬ್‌ಓಎಸ್‌ನಲ್ಲಿ ಆಂಡ್ರಾಯ್ಡ್ ಆ್ಯಪ್ ಕೂರುವುದಿಲ್ಲ. ಅಲ್ಲಿ ಹ್ಯಾಂಡ್‌ಬ್ರೇಕ್‌ನ ‘ಬರ್ನ್ ಇನ್’ ಗುರುತು ಹಾಕಿ ಅಕ್ಷರಗಳನ್ನು ಚಿತ್ರದೊಳಗೇ ಅಚ್ಚು ಹಾಕಿಸಿ. ಮೊದಲು ಎರಡು ನಿಮಿಷದ ತುಣುಕನ್ನು ಮಾತ್ರ ಮಾಡಿ ಟಿವಿಯಲ್ಲಿ ನೋಡಿ, ಸರಿ ಬಂದರೆ ಪೂರ್ತಿ ವಿಡಿಯೊಗೆ ಕೈ ಹಾಕಿ.