ಚುಕ್ಕಾಣಿ ಬ್ರಾಕೆಟ್ ರಿಪೇರಿ: ಒಳಗಿನ ಮರ ನೋಡದೆ ದುಡ್ಡು ಕೊಡಬೇಡಿ

ಕೆಆರ್‌ಎಸ್ ಹಿನ್ನೀರಿನಲ್ಲಿ ಹಳೆಯ ಲೇಸರ್ (ಒಬ್ಬರೇ ಓಡಿಸುವ ಸಣ್ಣ ಮಾದರಿಯ) ಹಾಯಿದೋಣಿ ಓಡಿಸುವವರು ದಯವಿಟ್ಟು ಓದಿ. ಬರೆಯುವಾಗಲೂ ಮೈ ಉರಿಯುತ್ತಿದೆ.

ದೋಣಿಯ ಹಿಂಬದಿಯಲ್ಲಿ ಚುಕ್ಕಾಣಿ ಸಿಕ್ಕಿಸುವ ಸ್ಟೀಲ್ ಬ್ರಾಕೆಟ್ ಎರಡಿರುತ್ತವೆ. ನನ್ನದರಲ್ಲಿ ಕೆಳಗಿನದು ಸ್ಕ್ರೂ ಸಮೇತ ಕಿತ್ತು ಬಂದಿತ್ತು. ಬೆಂಗಳೂರಿನ ಒಂದು ಫೈಬರ್ ವರ್ಕ್‌ಶಾಪಿಗೆ ಕೊಟ್ಟೆ. ಈ ಸ್ಕ್ರೂಗಳನ್ನು ಹಿಡಿದಿಡುವುದು ಬರೀ ಫೈಬರ್ ಅಲ್ಲ, ಅದರ ಹಿಂದೆ ಕೂರಿಸಿರುವ ಮರದ ತುಂಡು. ಅದು ಕೊಳೆತಿದ್ದರೆ ಡೆಕ್‌ನಲ್ಲಿ, ಅಂದರೆ ದೋಣಿಯ ಮೇಲ್ಭಾಗದಲ್ಲಿ, ಕೈ ಹೋಗುವಷ್ಟು ತೂತು ಕೊಯ್ದು, ಮರ ಬದಲಿಸಿ, ಎಪಾಕ್ಸಿ ಅಂಟಿನಲ್ಲಿ ಕೂರಿಸಬೇಕು. ಇದನ್ನೆಲ್ಲ ಬಿಡಿಸಿ ಹೇಳಿದ್ದೆ. "ನೋಡಿದೀವಿ ಸಾರ್, ಮರ ಗಟ್ಟಿ ಇದೆ, ಕೊಯ್ಯೋದೇ ಬೇಡ" ಅಂದರು. ರಿಪೇರಿ ಆದಮೇಲೆ ನೋಡಿದರೆ ಹೊರಗೆ ಬೆಳ್ಳಗೆ ಹೊಳೆಯುತ್ತಿತ್ತು. 6,500 ರೂಪಾಯಿ ಎಣಿಸಿ ಕೊಟ್ಟೆ.

ಮೊದಲ ಜೋರು ಗಾಳಿಗೇ ಮತ್ತೆ ಕಿತ್ತು ಬಂತು. ದೋಣಿ ಗಾಳಿಗೆ ಎದುರಾಗಿ ತಿರುಗಿ ನಿಂತುಬಿಟ್ಟಿತು, ಹಾಯಿ ಪಟಪಟ ಬಡಿಯುತ್ತಿತ್ತು. ಪರಿಚಯದವರೆಲ್ಲ ನೋಡುತ್ತಿರುವಾಗ ಹಗ್ಗ ಕಟ್ಟಿಸಿ ಎಳೆಸಿಕೊಂಡು ದಡಕ್ಕೆ ಬಂದೆ. ಎಂಥಾ ಅವಮಾನ! ದೋಣಿ ಒಂದೇ ಆದರೆ 59 ಕೆಜಿ, ಇಬ್ಬರು ಆರಾಮಾಗಿ ಎತ್ತಬಹುದು. ಅವತ್ತು ಒಳಗೆಲ್ಲ ನೀರು ತುಂಬಿ ಇಬ್ಬರಿಗೆ ಅಲುಗಾಡಲೂ ಇಲ್ಲ. ಕಿತ್ತು ಬಂದ ಸ್ಕ್ರೂ ಕೈಗೆ ತೆಗೆದುಕೊಂಡು ನೋಡಿದೆ. ಮರದ ಒಂದು ಸಿಬಿರೂ ಇಲ್ಲ. ಸುತ್ತ ಬರೀ ಬೂದು ಪುಡಿ. ಕಾರಿನ ಡೆಂಟ್ ಮುಚ್ಚುವ ಪುಟ್ಟಿ! ಉಜ್ಜಿ ನುಣುಪು ಮಾಡೋಕೆ ಅದು ಸರಿ, ಚುಕ್ಕಾಣಿಯ ಎಳೆತ ಎಲ್ಲಿ ತಡೆಯುತ್ತದೆ?

ಫೋನ್ ಮಾಡಿದೆ. "ನೀವು ಜೋರಾಗಿ ಓಡಿಸಿರ್ತೀರಿ ಸಾರ್." ಆಮೇಲೆ, "ಗಾಳಿ ಜಾಸ್ತಿ ಇತ್ತಲ್ವಾ?" ಹಾಯಿದೋಣಿಯನ್ನು ಗಾಳಿಯಲ್ಲಲ್ಲದೆ ಇನ್ನೆಲ್ಲಿ ಓಡಿಸಬೇಕು? ಕೊನೆಗೆ ಬಾಯಿ ತಪ್ಪಿ ಬಂತು: "ಒಳಗಿನ ಮರ ಪೂರ್ತಿ ಕೊಳೆತಿದ್ರೆ ನಾವೇನ್ ಮಾಡೋಣ ಸಾರ್?"

ಅಂದರೆ ಗೊತ್ತಿತ್ತು! ನಾನಿನ್ನೂ ಒಳಗೆ ನೋಡಿಯೇ ಇರಲಿಲ್ಲ, ಇವರಿಗೆ ಹೇಗೆ ಗೊತ್ತಾಯಿತು? ಗೊತ್ತಿದ್ದೇ ಗಟ್ಟಿ ಇದೆ ಅಂದರು. ಗೊತ್ತಿದ್ದೇ ಮೇಲೆ ಬಳಿದರು. ಇದನ್ನೇ ಕೇಳಿದ್ದಕ್ಕೆ "ಹುಡುಗರು ಮಾಡಿದ್ದು, ವಿಚಾರಿಸ್ತೀನಿ" ಅಂತ ಫೋನ್ ಇಟ್ಟರು. ಈಗ ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಬೀಳುತ್ತದೆ, ಉತ್ತರ ಮಾತ್ರ ಇಲ್ಲ.

ನೀವು ದೋಣಿ ರಿಪೇರಿಗೆ ಕೊಡುವುದಾದರೆ, ಮುಚ್ಚುವ ಮುಂಚೆ ಒಳಗಿನ ಮರದ ಫೋಟೋ ಕೇಳಿ. ಸಾಧ್ಯವಾದರೆ ನೀವೇ ಹೋಗಿ ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿ ನೋಡಿ, ಮೆತ್ತಗಿದ್ದರೆ ಒಪ್ಪಬೇಡಿ. "ನಂಬಿಕೆ ಇಲ್ವಾ ಸಾರ್?" ಅಂದರೆ ಅಲ್ಲಿಂದಲೇ ದೋಣಿ ಎತ್ತಿಕೊಂಡು ವಾಪಸ್ ಬನ್ನಿ.