ರೂಟ್ ಮಾಡದೆ ಜಾಹೀರಾತಿಗೆ ತಡೆ: ಪ್ರೈವೇಟ್ ಡಿಎನ್ಎಸ್ ಮತ್ತು ಫೈರ್‌ಫಾಕ್ಸ್, ಕೆಲವು ವರ್ಷ ಬಳಸಿದ ಮೇಲೆ

ಆಂಡ್ರಾಯ್ಡ್ ಫೋನ್‌ನಲ್ಲಿ ಜಾಹೀರಾತು ನಿಲ್ಲಿಸಬೇಕಾದರೆ ರೂಟ್ ಮಾಡಲೇಬೇಕು (ಅಂದರೆ ಫೋನಿನ ಸಿಸ್ಟಮ್ ಫೈಲ್‌ಗಳನ್ನೂ ಬದಲಿಸುವ ಅಧಿಕಾರ ಪಡೆಯಬೇಕು) ಎಂದು ಈಗಲೂ ಕೆಲವರು ಹೇಳುತ್ತಾರೆ. ಬೇಕಾಗಿಲ್ಲ. ಕೆಲವು ವರ್ಷಗಳಿಂದ ನಾನು ಎರಡೇ ಎರಡನ್ನು ನಂಬಿಕೊಂಡಿದ್ದೇನೆ. ಒಂದು, ಫೋನಿನ ಸೆಟ್ಟಿಂಗ್ಸ್‌ನಲ್ಲೇ ಇರುವ ಪ್ರೈವೇಟ್ ಡಿಎನ್ಎಸ್. ಅದರಲ್ಲಿ ಜಾಹೀರಾತು ತಡೆಯುವ ಸೇವೆ ಕೊಡುವ ಆಡ್‌ಗಾರ್ಡ್ ಕಂಪನಿಯ ಉಚಿತ ಸರ್ವರ್ ಹೆಸರು. ಇನ್ನೊಂದು, ಫೈರ್‌ಫಾಕ್ಸ್ ಬ್ರೌಸರ್. ಅದರೊಳಗೆ ಯೂಬ್ಲಾಕ್ ಆರಿಜಿನ್ ಎಂಬ, ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್). ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ನನ್ನ ಫೋನ್, ಹೆಂಡತಿಯ ಫೋನ್, ಊರಲ್ಲಿರುವ ಅಮ್ಮನ ಫೋನ್, ಎಲ್ಲದರಲ್ಲೂ ಇದೇ ಇದೆ.

ರೂಟ್ ಯಾಕೆ ಬೇಕಿತ್ತು? ಫೋನಿನ ಒಳಗೆ ಹೋಸ್ಟ್ಸ್ ಎಂಬ ಒಂದು ಸಣ್ಣ ಫೈಲ್ ಇರುತ್ತದೆ. ಜಾಹೀರಾತು ಕಳಿಸುವ ಸರ್ವರ್‌ಗಳ ಹೆಸರನ್ನೆಲ್ಲ ಅದರಲ್ಲಿ ಬರೆದುಬಿಟ್ಟರೆ ಫೋನ್ ಅವುಗಳ ಹತ್ತಿರ ಹೋಗುವುದೇ ಇಲ್ಲ. ಆದರೆ ಆ ಫೈಲ್ ಸಿಸ್ಟಮ್ ಭಾಗದಲ್ಲಿದೆ, ರೂಟ್ ಇಲ್ಲದೆ ಮುಟ್ಟಲಾಗದು. ಆಡ್‌ಅವೇ ಥರದ ಆ್ಯಪ್‌ಗಳು ಮೊದಲು ಹೀಗೆ ಕೆಲಸ ಮಾಡುತ್ತಿದ್ದವು. ಈಗ ಆ ದಾರಿ ನಮ್ಮಂಥವರಿಗಲ್ಲ. ಫೋನ್ ರೂಟ್ ಆಗಿದೆ ಎಂದು ಗೊತ್ತಾದರೆ ಎಷ್ಟೋ ಬ್ಯಾಂಕ್ ಆ್ಯಪ್‌ಗಳು, ಯುಪಿಐ ಆ್ಯಪ್‌ಗಳು ತೆರೆಯುವುದೇ ಇಲ್ಲ. ತರಕಾರಿಗೂ ಆಟೋಗೂ ಫೋನಿನಲ್ಲೇ ದುಡ್ಡು ಕೊಡುವ ನಾವು ಯುಪಿಐ ಬಿಟ್ಟು ಬದುಕುವುದು ಕಷ್ಟ ಅಲ್ವಾ?

2018ರಲ್ಲಿ ಬಂದ ಆಂಡ್ರಾಯ್ಡ್ 9 ಈ ತೊಂದರೆಗೆ ದಾರಿ ತೋರಿಸಿತು. ನಾವು ಯಾವುದೇ ಸೈಟ್ ಅಥವಾ ಆ್ಯಪ್ ತೆರೆದರೂ ಫೋನ್ ಮೊದಲು ಒಂದು ಡಿಎನ್ಎಸ್ ಸರ್ವರನ್ನು ಕೇಳುತ್ತದೆ: ಈ ಹೆಸರಿನ ಕಂಪ್ಯೂಟರ್ ಎಲ್ಲಿದೆ, ಅದರ ಅಂಕಿ ವಿಳಾಸ ಏನು? ಸಾಮಾನ್ಯವಾಗಿ ಇದಕ್ಕೆ ಉತ್ತರ ಕೊಡುವುದು ನಮ್ಮ ಸಿಮ್ ಕಂಪನಿಯ ಸರ್ವರ್. ಪ್ರೈವೇಟ್ ಡಿಎನ್ಎಸ್‌ನಲ್ಲಿ ಆ ಸರ್ವರ್ ಯಾವುದಿರಬೇಕು ಎಂದು ನಾವೇ ಹೇಳಬಹುದು. ಆಡ್‌ಗಾರ್ಡ್ ಸರ್ವರ್ ಜಾಹೀರಾತಿನ ಹೆಸರು ಕೇಳಿದರೆ ಸರಿಯಾದ ವಿಳಾಸ ಕೊಡುವುದಿಲ್ಲ. ವಿಳಾಸ ಸಿಗದಿದ್ದ ಮೇಲೆ ಜಾಹೀರಾತು ಇಳಿಯುವುದೇ ಇಲ್ಲ. ಬಂದ ಮೇಲೆ ಅಡಗಿಸುವುದಲ್ಲ ಇದು, ಬರುವುದಕ್ಕೇ ಬಿಡುವುದಿಲ್ಲ. ದಿನಕ್ಕೆ 1.5 ಜಿಬಿ ಪ್ಯಾಕ್ ಇರುವವರಿಗೆ ಅಷ್ಟು ಡೇಟಾ ಉಳಿಯುತ್ತದೆ. ಕೇಳುವ ಪ್ರಶ್ನೆಯೂ ಉತ್ತರವೂ ಗೂಢಲಿಪಿಯಲ್ಲಿ ಹೋಗುವುದರಿಂದ ನಡುವೆ ಇಣುಕುವವರಿಗೆ ಓದಲಾಗುವುದಿಲ್ಲ.

ಹಾಕುವುದು ಸುಲಭ. ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕು ಜಾಗದಲ್ಲಿ ಪ್ರೈವೇಟ್ ಡಿಎನ್ಎಸ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಒಂದೊಂದು ಕಂಪನಿ ಒಂದೊಂದು ಮೆನುವಿನಲ್ಲಿ ಇಟ್ಟಿರುತ್ತದೆ, ಹುಡುಕುವುದೇ ಬೇಗ. ಅಲ್ಲಿ ಆಫ್, ಆಟೋಮ್ಯಾಟಿಕ್, ಆಮೇಲೆ ಹೋಸ್ಟ್‌ನೇಮ್ ಎಂದು ಮೂರು ಆಯ್ಕೆ ಇರುತ್ತವೆ. ಮೂರನೆಯದನ್ನು ಒತ್ತಿ ಡಿಎನ್ಎಸ್, ಚುಕ್ಕೆ, ಆಡ್‌ಗಾರ್ಡ್, ಅಡ್ಡಗೆರೆ, ಡಿಎನ್ಎಸ್, ಚುಕ್ಕೆ, ಕಾಮ್ ಎಂದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ (dns.adguard-dns.com) ಬರೆಯಿರಿ. ನಡುವೆ ಜಾಗ ಬಿಡಬೇಡಿ, ಅಂಕಿ ವಿಳಾಸ ಹಾಕಬೇಡಿ. ಸೇವ್ ಮಾಡಿದರೆ ಮುಗಿಯಿತು. ವೈಫೈಗೂ ಮೊಬೈಲ್ ಡೇಟಾಗೂ ಒಟ್ಟಿಗೇ ಅನ್ವಯ. ಮಕ್ಕಳು ಬಳಸುವ ಫೋನ್ ಆದರೆ ಮೊದಲ ಡಿಎನ್ಎಸ್ ಬದಲು ಫ್ಯಾಮಿಲಿ ಎಂದು ಹಾಕಿ. ಅದು ಅಶ್ಲೀಲ ಸೈಟ್‌ಗಳನ್ನೂ ತಡೆಯುತ್ತದೆ.

ಇದರಿಂದ ಏನು ಬದಲಾಯಿತು? ಆಟಗಳ ಕೆಳಗೆ ಬರುತ್ತಿದ್ದ ಜಾಹೀರಾತಿನ ಅಡ್ಡಪಟ್ಟಿ ಹೋಯಿತು. ಒಂದು ಹಂತ ಮುಗಿದ ತಕ್ಷಣ ಪರದೆ ತುಂಬ ಬರುತ್ತಿದ್ದ ವಿಡಿಯೋ ಹೋಯಿತು. ಪಂಚಾಂಗದ ಆ್ಯಪ್, ಪಿಡಿಎಫ್ ಓದುವ ಆ್ಯಪ್, ಟಾರ್ಚ್ ಆ್ಯಪ್ ಎಲ್ಲ ಶಾಂತವಾದವು. ಆದರೆ ನನಗೆ ಇದು ಮುಖ್ಯ ಅನಿಸಿದ್ದು ಕಿರಿಕಿರಿಯ ಕಾರಣಕ್ಕಲ್ಲ. ಅಮ್ಮನ ಕಾರಣಕ್ಕೆ.

ಅಮ್ಮ ಫೋನಿನಲ್ಲಿ ಭಜನೆ ಕೇಳುತ್ತಾರೆ, ಅಡುಗೆ ನೋಡುತ್ತಾರೆ, ಸುದ್ದಿ ಓದುತ್ತಾರೆ. ಯಾವುದು ಸುದ್ದಿ, ಯಾವುದು ಜಾಹೀರಾತು ಎಂದು ಅವರಿಗೆ ಗೊತ್ತಾಗುವ ಹಾಗೆ ಆ ಪುಟಗಳು ಇರುವುದಿಲ್ಲ. ಬೇಕೆಂದೇ ಹಾಗೆ ಮಾಡಿರುತ್ತಾರೆ. ನಿಮ್ಮ ಫೋನಿಗೆ ವೈರಸ್ ಬಂದಿದೆ, ಇಲ್ಲಿ ಒತ್ತಿ ಎನ್ನುತ್ತದೆ ಒಂದು. ಐದು ನಿಮಿಷದಲ್ಲಿ ಸಾಲ ಎನ್ನುತ್ತದೆ ಇನ್ನೊಂದು. ನಿಜವಾದ ಡೌನ್‌ಲೋಡ್ ಬಟನ್ ಪಕ್ಕದಲ್ಲಿ ಅದಕ್ಕಿಂತ ದೊಡ್ಡದಾಗಿ, ಹಸಿರಾಗಿ ಸುಳ್ಳು ಬಟನ್ ಇರುತ್ತದೆ. ಮುಚ್ಚುವ ಗುರುತು ಅಕ್ಕಿಕಾಳಿನಷ್ಟು. ವಯಸ್ಸಾದವರ ಬೆರಳು ಅದರ ಮೇಲೆ ಸರಿಯಾಗಿ ಬೀಳುವುದಿಲ್ಲ. ಒತ್ತಬೇಡಿ ಅಮ್ಮ ಎಂದು ಎಷ್ಟು ಸಲ ಹೇಳಿದರೂ ಉಪಯೋಗವಿಲ್ಲ, ಏಕೆಂದರೆ ತಪ್ಪು ಅವರದ್ದಲ್ಲ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೂಡ ಜನರಿಗೆ ಒಂದು ಎಚ್ಚರಿಕೆ ಕೊಟ್ಟಿತ್ತು. ಹುಡುಕಾಟದ ಫಲಿತಾಂಶದಲ್ಲಿ ಜಾಹೀರಾತು ಹಾಕಿ, ಹೆಸರುವಾಸಿ ಕಂಪನಿಗಳ ಸೋಗಿನಲ್ಲಿ ಮೋಸ ಮಾಡುವವರಿದ್ದಾರೆ, ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಬಳಸಿ ಎಂದು. ಪೊಲೀಸರೇ ಹೀಗೆ ಹೇಳುವಷ್ಟು ಹದಗೆಟ್ಟಿದೆ. ನಿಮ್ಮ ಮನೆಯಲ್ಲಿ ಹಿರಿಯರ ಕೈಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ, ನಿಮ್ಮ ಫೋನಿಗಿಂತ ಮೊದಲು ಅವರ ಫೋನಿಗೆ ಇದನ್ನು ಹಾಕಿ.

ಈಗ ಇದರ ಮಿತಿಗಳು. ಡಿಎನ್ಎಸ್ ನೋಡುವುದು ಸೈಟ್‌ನ ಹೆಸರನ್ನು ಮಾತ್ರ, ಒಳಗೇನಿದೆ ಎಂದು ನೋಡುವುದಿಲ್ಲ. ಯೂಟ್ಯೂಬ್‌ನಲ್ಲಿ ನಾವು ನೋಡುವ ವಿಡಿಯೋವೂ ನಡುವಿನ ಜಾಹೀರಾತೂ ಒಂದೇ ಕಡೆಯಿಂದ ಬರುತ್ತವೆ. ಒಂದನ್ನು ತಡೆದರೆ ಇನ್ನೊಂದೂ ನಿಲ್ಲುತ್ತದೆ. ಹಾಗಾಗಿ ಯೂಟ್ಯೂಬ್ ಆ್ಯಪ್‌ನಲ್ಲಿ ಇದು ನಡೆಯದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಫೀಡ್‌ನಲ್ಲಿ ಬರುವ ಸ್ಪಾನ್ಸರ್ಡ್ ಪೋಸ್ಟ್‌ಗಳ ಕಥೆಯೂ ಅದೇ. ಜಾಹೀರಾತಿಲ್ಲದ ಯೂಟ್ಯೂಬ್ ಎಂದು ಎಲ್ಲೆಲ್ಲೋ ಸಿಗುವ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲ್‌ಗಳನ್ನು ಹಾಕಿಕೊಂಡು ಅದರಲ್ಲೇ ಗೂಗಲ್ ಖಾತೆಗೆ ಲಾಗಿನ್ ಆಗುವವರನ್ನು ಕಂಡರೆ ನನಗೆ ಭಯವಾಗುತ್ತದೆ. ದಯವಿಟ್ಟು ಬೇಡ. ಸಾಧ್ಯವಿದ್ದರೆ ಪ್ರೀಮಿಯಂಗೆ ದುಡ್ಡು ಕೊಡಿ.

ಬ್ರೌಸರ್‌ಗೆ ಮಾತ್ರ ಬೇರೆ ಪರಿಹಾರ ಇದೆ. ಫೋನಿನ ಕ್ರೋಮ್ ಎಕ್ಸ್‌ಟೆನ್ಶನ್ ಹಾಕಲು ಬಿಡುವುದಿಲ್ಲ, ಫೈರ್‌ಫಾಕ್ಸ್ ಬಿಡುತ್ತದೆ. ಮೆನುವಿನಲ್ಲಿ ಎಕ್ಸ್‌ಟೆನ್ಶನ್ಸ್ ಒತ್ತಿ ಯೂಬ್ಲಾಕ್ ಆರಿಜಿನ್ ಸೇರಿಸಿ. ಹೆಸರಿನಲ್ಲಿ ಆರಿಜಿನ್ ಇದೆಯೇ ನೋಡಿಕೊಳ್ಳಿ, ಬರೀ ಯೂಬ್ಲಾಕ್ ಎಂಬುದು ಬೇರೆ. ರೇಮಂಡ್ ಹಿಲ್ ಎನ್ನುವವರು 2014ರಲ್ಲಿ ಶುರು ಮಾಡಿದ ಕೆಲಸ ಇದು. ಅವರು ದೇಣಿಗೆ ಕೂಡ ತೆಗೆದುಕೊಳ್ಳುವುದಿಲ್ಲ. ಕೊಡುವುದಿದ್ದರೆ ಏನೇನು ತಡೆಯಬೇಕು ಎಂಬ ಫಿಲ್ಟರ್ ಪಟ್ಟಿಗಳನ್ನು ನೋಡಿಕೊಳ್ಳುವವರಿಗೆ ಕೊಡಿ ಎನ್ನುತ್ತಾರೆ. ಅವರ ಬಗ್ಗೆ ನನಗೆ ತುಂಬ ಗೌರವ. ಡಿಎನ್ಎಸ್ ಮಾತ್ರ ಇದ್ದರೆ ಜಾಹೀರಾತಿನ ಜಾಗದಲ್ಲಿ ಬಿಳಿ ಖಾಲಿ ಡಬ್ಬಿ ಉಳಿಯುತ್ತದೆ. ಯೂಬ್ಲಾಕ್ ಆರಿಜಿನ್ ಆ ಡಬ್ಬಿಯನ್ನೂ ಮುಚ್ಚಿ ಪುಟವನ್ನು ಓದುವ ಹಾಗೆ ಮಾಡುತ್ತದೆ.

ತೊಂದರೆಗಳನ್ನೂ ಹೇಳಬೇಕು. ದೊಡ್ಡದು ಸಾರ್ವಜನಿಕ ವೈಫೈನದು. ಆಸ್ಪತ್ರೆ, ಹೋಟೆಲ್, ನಿಲ್ದಾಣಗಳಲ್ಲಿ ಫೋನ್ ನಂಬರ್ ಕೇಳಿ ಒಟಿಪಿ ಕಳಿಸುವ ಲಾಗಿನ್ ಪುಟ ಇರುತ್ತದಲ್ಲ, ಪ್ರೈವೇಟ್ ಡಿಎನ್ಎಸ್ ಇದ್ದಾಗ ಕೆಲವು ಕಡೆ ಅದು ತೆರೆಯುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಆಟೋಮ್ಯಾಟಿಕ್ ಮಾಡಿ, ಲಾಗಿನ್ ಆಗಿ, ಮತ್ತೆ ವಾಪಸ್ ಹಾಕಬೇಕು. ಕೆಲವು ಆಫೀಸ್ ವೈಫೈಗಳು ಪ್ರೈವೇಟ್ ಡಿಎನ್ಎಸ್ ಬಳಸುವ 853ನೇ ಪೋರ್ಟ್ (ಡೇಟಾ ಹೋಗುವ ದಾರಿ) ಅನ್ನೇ ಮುಚ್ಚಿರುತ್ತವೆ, ಅಲ್ಲಿ ಇಂಟರ್ನೆಟ್ಟೇ ಬರುವುದಿಲ್ಲ. ನೀವು ಕೊಟ್ಟ ಸರ್ವರ್ ಸಿಗದಿದ್ದರೆ ಫೋನ್ ತಾನಾಗಿ ಬೇರೆಯದಕ್ಕೆ ಹೋಗುವುದೂ ಇಲ್ಲ. ಪ್ರೈವೇಟ್ ಡಿಎನ್ಎಸ್ ಸರ್ವರ್ ಸಿಗುತ್ತಿಲ್ಲ ಎಂಬ ಸೂಚನೆ ಬಂದರೆ ಏನು ಮಾಡಬೇಕು ಎಂದು ಮನೆಯವರಿಗೆ ಹೇಳಿಕೊಟ್ಟಿರಬೇಕು. ಅಮ್ಮನಿಗೆ ಚೀಟಿಯಲ್ಲಿ ಬರೆದು ಕೊಟ್ಟಿದ್ದೇನೆ.

ಸಣ್ಣವು ಇನ್ನೂ ಇವೆ. ಗೂಗಲ್ ಹುಡುಕಾಟದಲ್ಲಿ ಮೇಲೆ ಬರುವ ಸ್ಪಾನ್ಸರ್ಡ್ ಲಿಂಕ್ ಒತ್ತಿದರೆ ಪುಟ ತೆರೆಯದಿರಬಹುದು. ಕೆಳಗಿನ ಸಾಮಾನ್ಯ ಲಿಂಕ್ ಒತ್ತಿ. ವಿಡಿಯೋ ನೋಡಿದರೆ ನಾಣ್ಯ ಕೊಡುವ ಆಟಗಳಲ್ಲಿ ನಾಣ್ಯ ಸಿಗುವುದಿಲ್ಲ, ಮಕ್ಕಳು ದೂರು ಹೇಳುತ್ತಾರೆ. ಕ್ಯಾಶ್‌ಬ್ಯಾಕ್ ಲಿಂಕ್‌ಗಳು ಕೈಕೊಡಬಹುದು.

ಇದಕ್ಕೆ ಮೊದಲು ವಿಪಿಎನ್ ಥರ, ಅಂದರೆ ಫೋನಿನ ಇಂಟರ್ನೆಟ್ ಸಂಚಾರವನ್ನು ತಮ್ಮ ಮೂಲಕ ಹಾಯಿಸಿಕೊಂಡು ಕೆಲಸ ಮಾಡುವ ಆ್ಯಪ್‌ಗಳನ್ನೂ ಬಳಸಿದ್ದೆ. ಬ್ಲೊಕಾಡಾ, ಡಿಎನ್ಎಸ್66, ಆಡ್‌ಗಾರ್ಡ್‌ನದೇ ಪೂರ್ಣ ಆ್ಯಪ್ ಈ ಗುಂಪಿನವು. ಯಾವ ಆ್ಯಪ್‌ಗೆ ತಡೆ ಬೇಕು, ಯಾವುದಕ್ಕೆ ಬೇಡ ಎಂದು ಆರಿಸಬಹುದು, ಅದು ಒಳ್ಳೆಯದು. ಆದರೆ ಆಂಡ್ರಾಯ್ಡ್‌ನಲ್ಲಿ ಒಂದು ಸಲಕ್ಕೆ ಒಂದೇ ವಿಪಿಎನ್. ಆಫೀಸ್ ವಿಪಿಎನ್ ಹಾಕಿದರೆ ಇದು ಆಫ್. ಬ್ಯಾಟರಿ ಉಳಿಸುವ ಹೆಸರಿನಲ್ಲಿ ಫೋನ್ ಹಿನ್ನೆಲೆಯ ಆ್ಯಪ್‌ಗಳನ್ನು ಕೊಂದರೂ ಆಫ್. ಮೇಲಾಗಿ ಬೇರೆ ಆ್ಯಪ್‌ನ ಜಾಹೀರಾತಿಗೆ ಅಡ್ಡಿ ಮಾಡುವುದು ಪ್ಲೇ ಸ್ಟೋರ್ ನಿಯಮಕ್ಕೆ ವಿರುದ್ಧ. ಹಾಗಾಗಿ ಪೂರ್ಣ ಆವೃತ್ತಿಯನ್ನು ಹೊರಗಿನಿಂದ ಇಳಿಸಬೇಕು. ಅಮ್ಮನ ಫೋನಿನಲ್ಲಿ ಹೊರಗಿನ ಎಪಿಕೆ ಹಾಕಲು ನನಗೆ ಮನಸ್ಸಿಲ್ಲ.

ನಂಬಿಕೆಯ ಪ್ರಶ್ನೆಯನ್ನು ಸುಮ್ನೆ ಬಿಡಲಾಗದು. ನಾವು ಯಾವ ಸೈಟ್‌ಗಳಿಗೆ ಹೋಗುತ್ತೇವೆ ಎನ್ನುವುದು ಈಗ ಸೈಪ್ರಸ್‌ನಲ್ಲಿ ನೋಂದಣಿಯಾದ ಆಡ್‌ಗಾರ್ಡ್ ಕಂಪನಿಯ ಸರ್ವರ್‌ಗೆ ಗೊತ್ತಾಗುತ್ತದೆ. ಪಾಸ್‌ವರ್ಡ್, ಯುಪಿಐ ಪಿನ್, ಪುಟದಲ್ಲಿ ಏನು ಓದಿದಿರಿ, ಇವು ಗೊತ್ತಾಗುವುದಿಲ್ಲ. ಸೈಟ್‌ನ ಹೆಸರು ಮಾತ್ರ. ನಾನು ಒಪ್ಪಿಕೊಂಡಿದ್ದೇನೆ, ನೀವು ಯೋಚಿಸಿ ನಿರ್ಧರಿಸಿ. ಏನೇನು ತಡೆಯುತ್ತಿದೆ ಎಂದು ಕಣ್ಣಾರೆ ನೋಡಬೇಕು ಎನ್ನುವವರಿಗೆ ನೆಕ್ಸ್ಟ್‌ಡಿಎನ್ಎಸ್ ಎಂಬ ಇನ್ನೊಂದು ಡಿಎನ್ಎಸ್ ಸೇವೆ ಇದೆ. ಖಾತೆ ಮಾಡಿಕೊಂಡರೆ ನಿಮ್ಮದೇ ಹೋಸ್ಟ್‌ನೇಮ್ ಕೊಡುತ್ತಾರೆ, ಪಟ್ಟಿಗಳನ್ನು ನೀವೇ ಆರಿಸಬಹುದು. ತಿಂಗಳಿಗೆ 3 ಲಕ್ಷ ಪ್ರಶ್ನೆಗಳವರೆಗೆ ಉಚಿತ. ದಾಟಿದರೆ ಇಂಟರ್ನೆಟ್ ನಿಲ್ಲುವುದಿಲ್ಲ, ತಡೆಯುವುದು ಮಾತ್ರ ನಿಲ್ಲುತ್ತದೆ. ಒಂದು ಫೋನಿಗೆ ಅಷ್ಟು ಸಾಕು.

ಸುದ್ದಿ ಸೈಟ್‌ಗಳ ಬಗ್ಗೆ ನನ್ನ ನಿಲುವು ಹೀಗೆ. ಕನ್ನಡದಲ್ಲಿ ಕಷ್ಟಪಟ್ಟು ವರದಿ ಮಾಡುವ ಸಣ್ಣ ಸೈಟ್‌ಗಳಿಗೆ ಜಾಹೀರಾತೇ ಅನ್ನ. ಓದುಗನ ಮೇಲೆ ಎಗರದ, ಮರ್ಯಾದೆಯ ಜಾಹೀರಾತು ಹಾಕುವ ಸೈಟ್‌ಗಳಿಗೆ ಯೂಬ್ಲಾಕ್ ಆರಿಜಿನ್ ಆಫ್ ಮಾಡಿದ್ದೇನೆ. ಡಿಎನ್ಎಸ್ ಮಟ್ಟದಲ್ಲಿ ಹಾಗೆ ಒಂದೇ ಸೈಟ್‌ಗೆ ವಿನಾಯಿತಿ ಕೊಡಲು ಆಗುವುದಿಲ್ಲ, ಅದು ಇದರ ನಿಜವಾದ ಕೊರತೆ. ಆದ್ದರಿಂದ ಚಂದಾ ತೆಗೆದುಕೊಳ್ಳುವ ಅವಕಾಶ ಇರುವಲ್ಲಿ ಚಂದಾ ಕಟ್ಟುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೂ ಅಮ್ಮನ ಫೋನಿನಲ್ಲಿ ಜಾಹೀರಾತು ಬಂದರೆ ಎರಡು ಕಡೆ ನೋಡಿ. ಒಂದು, ಬ್ರೌಸರ್‌ನ ನೋಟಿಫಿಕೇಶನ್ ಪಟ್ಟಿ. ಯಾವುದೋ ಸೈಟ್‌ಗೆ ಅಲೋ ಒತ್ತಿರುತ್ತಾರೆ, ಅದನ್ನು ತೆಗೆಯಿರಿ. ಇನ್ನೊಂದು, ಲಾಕ್ ಸ್ಕ್ರೀನ್‌ನಲ್ಲಿ ದಿನಕ್ಕೊಂದು ಚಿತ್ರ ತೋರಿಸುವ ಸೌಲಭ್ಯ; ಅದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ ಸ್ವಂತ ಫೋಟೋ ಹಾಕಿ.