ಬ್ಯಾಟರಿಗೆ ನಾಲ್ಕು ಅಂಕ, ಚೀಟಿಗೆ ಸೊನ್ನೆ

ಉಡುಪಿಯ ಅಂಗಡಿಯೊಂದರಿಂದ ಮನೆಯ ಇನ್ವರ್ಟರಿಗೆ 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ ತಂದಿದ್ದೇನೆ. ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ. ಆಟಿ ತಿಂಗಳ ಗಾಳಿಗೆ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಕರೆಂಟ್ ಹೋದ ರಾತ್ರಿ ಒಂದು ಫ್ಯಾನ್, ಎರಡು ದೀಪ ಬೆಳಗಿನವರೆಗೂ ನಡೆದವು. ಡಿಸ್ಟಿಲ್ಡ್ ವಾಟರ್ ತುಂಬುವ ರಗಳೆಯಿಲ್ಲ. ಹಳೆಯ ಟ್ಯೂಬುಲರ್ ಬ್ಯಾಟರಿ ಎತ್ತಲು ಇಬ್ಬರು ಬೇಕಿತ್ತು. ಇದನ್ನು ಈ ವಯಸ್ಸಿನಲ್ಲಿ ನಾನೊಬ್ಬನೇ ಮೆಟ್ಟಿಲಿನಡಿ ಇಟ್ಟೆ.

ತಕರಾರು ಅದರ ಮೈಮೇಲೆ ಅಂಟಿಸಿದ ಚೀಟಿಯದು: ‘ಲಿಥಿಯಂ-ಸಲ್ಫರ್ ತಂತ್ರಜ್ಞಾನ’. “ಹೊಸ ಮಾದರಿ ಮಾಸ್ಟ್ರೇ, ಸಲ್ಫರ್ ಇರುವುದರಿಂದಲೇ ಇಷ್ಟು ಹಗುರ” ಎಂದರು ಅಂಗಡಿಯವರು. ಜೀವಮಾನವಿಡೀ ರಸಾಯನಶಾಸ್ತ್ರ ಪಾಠ ಮಾಡಿದವನ ಎದುರು ಆಡಬಾರದ ಮಾತು. ಬ್ಯಾಟರಿಯ ಆ್ಯಪ್ ತೆರೆದು ತೋರಿಸಿದೆ: ನಾಲ್ಕು ಸೆಲ್, ಒಂದೊಂದೂ 3.3 ವೋಲ್ಟ್. ಅದು ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬೇರೆ ಬಗೆಯ ಲಿಥಿಯಂ ಬ್ಯಾಟರಿಯ ಜಾತಕ. ಲಿಥಿಯಂ-ಸಲ್ಫರ್ ಸೆಲ್ ಕೊಡುವುದು ಸುಮಾರು 2.1 ವೋಲ್ಟ್, 12 ವೋಲ್ಟಿಗೆ ಆರು ಸೆಲ್ ಬೇಕು.

ಸಲ್ಫರ್, ಅಂದರೆ ಗಂಧಕ, ಅಗ್ಗವೆಂಬುದು ನಿಜ. ಕಚ್ಚಾತೈಲ ಶುದ್ಧೀಕರಿಸುವಾಗ ಬೇರ್ಪಡುವ ಗಂಧಕ ನಮ್ಮ ಮಂಗಳೂರಿನ ಎಂಆರ್‌ಪಿಎಲ್‌ನಲ್ಲಿಯೂ ಸಿಗುತ್ತದೆ. ಲೆಕ್ಕದ ಪ್ರಕಾರ ಅದರ ಸಾಮರ್ಥ್ಯ ಗ್ರಾಮಿಗೆ 1675 ಮಿಲಿಆಂಪಿಯರ್-ಅವರ್. ಐರನ್ ಫಾಸ್ಫೇಟಿನದು ಬರೀ 170. ಆದರೆ ಗಂಧಕ ವಿದ್ಯುತ್ತನ್ನು ಹರಿಯಗೊಡದು. ಡಿಸ್ಚಾರ್ಜ್ ಆಗುತ್ತ ಶೇ. 80ರಷ್ಟು ಉಬ್ಬುತ್ತದೆ, ಚಾರ್ಜಿಗೆ ಹಾಕಿದರೆ ಕುಗ್ಗುತ್ತದೆ. ನಡುವೆ ಹುಟ್ಟುವ ಪಾಲಿಸಲ್ಫೈಡುಗಳು (ಲಿಥಿಯಂ, ಗಂಧಕ ಸೇರಿದ ಸಂಯುಕ್ತಗಳು) ಸೆಲ್ಲಿನೊಳಗಿನ ದ್ರಾವಣದಲ್ಲಿ ಕರಗಿ ಲಿಥಿಯಂ ಕಡೆಗೆ ಅಲೆಯುತ್ತವೆ; ಹೀಗೆ ಗಂಧಕ ಸೋರಿಹೋಗಿ ಸಾಮರ್ಥ್ಯ ಬೇಗ ಕುಸಿಯುತ್ತದೆ. ಅದನ್ನು ತಡೆಯಲು ಗಂಧಕವನ್ನು ಇಂಗಾಲದ ಸೂಕ್ಷ್ಮರಂಧ್ರಗಳಲ್ಲಿ ತುಂಬುತ್ತಾರೆ. 2009ರಲ್ಲಿ ಕೆನಡಾದ ಲಿಂಡಾ ನಾಜರ್ ಅವರ ತಂಡ ಇದನ್ನು ಚೆನ್ನಾಗಿ ಮಾಡಿ ತೋರಿಸಿತು. ದ್ರಾವಣಕ್ಕೆ ಲಿಥಿಯಂ ನೈಟ್ರೇಟ್ ಬೆರೆಸಿ ಲಿಥಿಯಂ ಮೇಲೆ ರಕ್ಷಾಪದರ ಕಟ್ಟಿಸುವುದೂ ಉಂಟು. ಇಷ್ಟಾದರೂ ಬಾಳಿಕೆಯ ತೊಂದರೆ ಪೂರ್ತಿ ನೀಗಿಲ್ಲ.

2010ರಲ್ಲಿ ಎರಡು ವಾರ ನೆಲಕ್ಕಿಳಿಯದೆ ಹಾರಿದ ಜೆಫಿರ್ ಎಂಬ ಸೌರವಿಮಾನ ರಾತ್ರಿಗಳನ್ನು ಕಳೆದದ್ದು ಲಿಥಿಯಂ-ಸಲ್ಫರ್ ಬ್ಯಾಟರಿಯಿಂದ. ಅಲ್ಲಿ ಒಂದೊಂದು ಗ್ರಾಮಿಗೂ ಬೆಲೆಯಿದೆ. ಮೆಟ್ಟಿಲಿನಡಿ ಕೂರುವ ಪೆಟ್ಟಿಗೆ ಇನ್ನಷ್ಟು ಹಗುರಾಗಿ ಯಾರಿಗೆ ಲಾಭ? ಸಾವಿರಾರು ಸಲ ಚಾರ್ಜ್ ಮಾಡಿದರೂ ತಾಳಬೇಕು. ಆ ಗುಣ ಐರನ್ ಫಾಸ್ಫೇಟಿಗಿದೆ. ಇದ್ದ ಒಳ್ಳೆಯ ಹೆಸರನ್ನು ಮುಚ್ಚಿ ಇಲ್ಲದ್ದನ್ನು ಅಂಟಿಸಿದ್ದೇಕೋ!

ಕೊಳ್ಳುವವರು ತಮ್ಮ ಇನ್ವರ್ಟರಿನಲ್ಲಿ ಇಂಥ ಬ್ಯಾಟರಿಗೆ ತಕ್ಕಂತೆ ಚಾರ್ಜ್ ಮಾಡುವ ಲಿಥಿಯಂ ಮೋಡ್ ಇದೆಯೇ ಎಂದು ಮೊದಲು ನೋಡಿಕೊಳ್ಳಿ. ಬಿಲ್ಲಿನಲ್ಲಿ ‘ಲಿಥಿಯಂ ಐರನ್ ಫಾಸ್ಫೇಟ್’ ಎಂದು ಬರೆದು ಮೊಹರು ಹಾಕುವ ತನಕ ನಾನು ಬಾಕಿ ಹಣ ಕೊಡಲಿಲ್ಲ.